ಉಸಿರಾಡುವವರ ನಡುವೆ ಉಸಿರೇ ಬೇಡದ ವಾದ್ಯ

ಜಾಝ್ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಅವರ ‘ಬ್ಯಾಷಿನ್’ ಆಲ್ಬಂ. ವರ್ವ್ ಕಂಪನಿ, 1962. ಒಂದು ಬದಿಯಲ್ಲಿ ಆಲಿವರ್ ನೆಲ್ಸನ್ ಸಂಯೋಜಿಸಿದ ಬಿಗ್ ಬ್ಯಾಂಡ್. ತಿರುವಿ ಹಾಕಿದರೆ ಮೂರೇ ಜನ: ಆರ್ಗನ್, ಗಿಟಾರ್, ಡ್ರಮ್ಸ್. ಅಷ್ಟೊಂದು ಮಂದಿ ಎಲ್ಲಿಗೆ ಹೋದರು ಅನ್ನಿಸುವುದೇ ಇಲ್ಲವಲ್ಲ, ಅದು ಹೇಗೆ?

•

ಸ್ಮಿತ್ ನುಡಿಸಿದ ಆರ್ಗನ್ ರೂಪಿಸಿದ ಲಾರೆನ್ಸ್ ಹ್ಯಾಮಂಡ್ ಷಿಕಾಗೋದಲ್ಲಿ ಗಡಿಯಾರ ಮಾಡುತ್ತಿದ್ದವರು, ಸಂಗೀತಗಾರರಲ್ಲ. 1935ರಲ್ಲಿ ಅವರ ಆರ್ಗನ್ ಮಾರುಕಟ್ಟೆಗೆ ಬಂತು. ಪೈಪ್ ಆರ್ಗನ್ನಿನ ಬೆಲೆ ತೆರಲಾಗದ ಚರ್ಚುಗಳು ಅದನ್ನು ಕೊಂಡವು. ಸ್ಮಿತ್ ನುಡಿಸುತ್ತಿದ್ದ ಬಿ-3 ಮಾದರಿಯ ಮರದ ಪೆಟ್ಟಿಗೆಯೊಳಗೆ ಗಾಳಿ ಇಲ್ಲ, ಪೀಪಿ ಇಲ್ಲ. ಅಂಚಿನಲ್ಲಿ ಹಲ್ಲುಗಳಿರುವ 91 ಲೋಹದ ಚಕ್ರಗಳು ಮೋಟಾರಿನಿಂದ ತಿರುಗುತ್ತಿರುತ್ತವೆ. ಹಲ್ಲು ಆಯಸ್ಕಾಂತದ ಮುಂದೆ ಹಾದುಹೋದಾಗಲೆಲ್ಲ ಸುರುಳಿಯಲ್ಲಿ ವಿದ್ಯುತ್ತು ಮಿಡಿಯುತ್ತದೆ, ಅದೇ ಸ್ವರ. ಮನೆ (ಕೀ) ಒತ್ತಿದ ಕ್ಷಣ ‘ಟಕ್’ ಎಂಬ ಸಣ್ಣ ಸದ್ದು. ತಯಾರಕರಿಗೆ ಅದು ಬೇಡದ ದೋಷ. ಜಾಝ್‌ನವರಿಗೆ ಅದೇ ಬೇಕು, ತಾಳಕ್ಕೆ ಮೊನೆ ಕೊಡುವುದೇ ಅದು.

•

ನಮ್ಮ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂನಲ್ಲಿ ಪಾದಕ್ಕೆ ತಿದಿ ಒತ್ತುವ ಕೆಲಸ ಮಾತ್ರ. ಹ್ಯಾಮಂಡ್‌ನಲ್ಲಿ ಪಾದವೂ ಸ್ವರ ನುಡಿಸುತ್ತದೆ: ಕೆಳಗೆ 25 ಪೆಡಲು, ಮೇಲೆ ಎರಡು ಸಾಲು ಮನೆಗಳು. ಹೀಗಾಗಿ ಆರ್ಗನ್ ಇರುವ ಮೂವರ ತಂಡದಲ್ಲಿ ಬಾಸ್ ವಾದಕನೇ ಬೇಕಿಲ್ಲ. ಆದರೂ ಬಿಗ್ ಬ್ಯಾಂಡ್ ಬದಿಯಲ್ಲಿ ಜಾರ್ಜ್ ಡುವಿವಿಯೇ ಬಾಸ್ ಹಿಡಿದು ನಿಂತಿದ್ದಾರೆ. ಸ್ಮಿತ್ ತಾನೊಬ್ಬನೇ ಮಾಡಬಲ್ಲ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಹಾಯಾಗಿ ಕೂತರೇ?

•

ಹಾಯಾಗಿ ಕೂತದ್ದೇ ಲಾಭವಾಯಿತು ಅನ್ನಿಸುತ್ತದೆ. ‘ವಾಕ್ ಆನ್ ದ ವೈಲ್ಡ್ ಸೈಡ್’ ಕೇಳಿ. ಅದೇ ಹೆಸರಿನ ಚಿತ್ರಕ್ಕೆ ಎಲ್ಮರ್ ಬರ್ನ್‌ಸ್ಟೀನ್ ಮಾಡಿದ ರಾಗ. ಬ್ಯಾಂಡ್ ಬಹಳ ಹೊತ್ತು ಕಾಯಿಸುತ್ತದೆ, ಆಮೇಲೆ ಆರ್ಗನ್. ತುತ್ತೂರಿಯವರು ಪ್ರತಿ ಸಾಲಿಗೂ ಉಸಿರು ಎಳೆದುಕೊಳ್ಳಬೇಕು. ಹ್ಯಾಮಂಡ್‌ಗೆ ಆ ಹಂಗಿಲ್ಲ, ಬೆರಳು ಎತ್ತುವವರೆಗೂ ಸ್ವರ ನಿಂತೇ ಇರುತ್ತದೆ. ನೆಲ್ಸನ್ ಜಾಣ. ಆರ್ಗನ್ ಜೊತೆ ಪೈಪೋಟಿಗೆ ಇಳಿಯದೆ, ಬ್ಯಾಂಡಿನಿಂದ ಚುಟುಕಾದ ಏಟುಗಳನ್ನಷ್ಟೇ ಹೊಡೆಸುತ್ತಾರೆ. ನಡುವಿನ ಜಾಗವೆಲ್ಲ ಸ್ಮಿತ್‌ಗೆ.

ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ 10ನೇ ಸ್ಥಾನ ಮುಟ್ಟಿತು. ಜಾಝ್ ಆರ್ಗನ್ನಿಗೆ ಇದು ಸಣ್ಣ ಮಾತಲ್ಲ.

•

ಇನ್ನು ಒಂದು ಬೆಕ್ಕಿನ ವಿಚಾರ. ‘ವಾಕ್ ಆನ್ ದ ವೈಲ್ಡ್ ಸೈಡ್’ ಚಿತ್ರದ ಟೈಟಲ್ ಕಾರ್ಡುಗಳ ಹಿಂದೆ ನಡೆಯುವುದು ಒಂದು ಕರಿ ಬೆಕ್ಕು. ಆ ಟೈಟಲ್‌ಗಳು ವಿನ್ಯಾಸಕಾರ ಸಾಲ್ ಬಾಸ್ ಮಾಡಿದ್ದು. 1964ರಲ್ಲಿ ಸ್ಮಿತ್ ಮತ್ತೊಂದು ಬಿಗ್ ಬ್ಯಾಂಡ್ ಆಲ್ಬಂ ಮಾಡಿದಾಗ ಅದರ ಹೆಸರೂ ‘ದ ಕ್ಯಾಟ್’. ಸಂಯೋಜನೆ ಲಾಲೊ ಶಿಫ್ರಿನ್ ಅವರದು, ಮುಂದೆ ‘ಮಿಷನ್: ಇಂಪಾಸಿಬಲ್’ ಸಂಗೀತ ಮಾಡಿದರಲ್ಲ, ಅವರೇ. ಶಿಫ್ರಿನ್ ಸ್ಯಾಕ್ಸೊಫೋನ್‌ಗಳನ್ನೇ ಕೈಬಿಟ್ಟು ಬರೀ ಹಿತ್ತಾಳೆ ವಾದ್ಯ ಇಟ್ಟುಕೊಂಡರು. ಆರ್ಗನ್ನಿನ ಮೃದು ದನಿಗೆ ಅಡ್ಡ ಬರುವವರನ್ನು ಹೊರಗಿಟ್ಟರೆಂದು ನನ್ನ ಊಹೆ.

•

ಕೊನೆಗೆ ನನ್ನ ಮತ ‘ಬ್ಯಾಷಿನ್’ನ ಎರಡನೇ ಬದಿಗೇ. ಅಲ್ಲಿ ಕ್ವೆಂಟಿನ್ ವಾರನ್ ಗಿಟಾರ್, ಡೊನಾಲ್ಡ್ ಬೇಲಿ ಡ್ರಮ್ಸ್. ಬಾಸ್ ಮತ್ತೆ ಸ್ಮಿತ್ ಪಾಲಿಗೆ. ಹೊಸದಾಗಿ ಕೇಳುವವರು ಆ ಬದಿಯಿಂದ ಶುರುಮಾಡಿ, ಆಮೇಲೆ ಬ್ಯಾಂಡ್ ಕೇಳಿ. ನೆಲ್ಸನ್ ಎಷ್ಟು ಕಡಿಮೆ ಬರೆದಿದ್ದಾರೆ ಎಂಬುದು ಆಗ ಗೊತ್ತಾಗುತ್ತದೆ.