ಆಪತ್ಕಾಲದ ಬಂದೂಕು

ಆಪತ್ತಿನಲ್ಲಿ ನಿಯಮಗಳು ಸಡಿಲವಾಗುತ್ತವೆಂಬ ಮಾತನ್ನು ಲೋಕವು ಬಹುಕಾಲದಿಂದ ಒಪ್ಪಿಕೊಂಡು ಬಂದಿದೆ. ಆದರೆ ಆಪತ್ತು ಒದಗುವ ಮೊದಲೇ ಆ ಸಡಿಲಿಕೆಯನ್ನು ಚೀಲದಲ್ಲಿ ಕಟ್ಟಿಕೊಂಡು ಹೊರಡುವವನ ನಡೆಯನ್ನು ಆಪದ್ಧರ್ಮವೆನ್ನಬಹುದೇ? ಈ ಪ್ರಶ್ನೆಯನ್ನು ವಿಚಾರ ಮಾಡಲು ಅಮೆರಿಕ ದೇಶದ ಒಂದು ಸಣ್ಣ ಬಂದೂಕು ತಕ್ಕ ನಿಮಿತ್ತವಾಗಿದೆ.

ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿನ ವಾಯುಪಡೆಯು ತನ್ನ ವಿಮಾನಚಾಲಕರಿಗೆ ಹಗುರವಾದ ಬಂದೂಕುಗಳನ್ನು ಒದಗಿಸತೊಡಗಿತು. ವಿಮಾನ ಕೆಟ್ಟು ನಿರ್ಜನ ಪ್ರದೇಶದಲ್ಲಿ ಇಳಿಯಬೇಕಾಗಿ ಬಂದವನು ಸಣ್ಣ ಪ್ರಾಣಿಗಳನ್ನು ಕೊಂದಾದರೂ ಜೀವ ಹಿಡಿದುಕೊಂಡಿರಲಿ ಎಂಬುದು ಅದರ ಉದ್ದೇಶ. 1950ರ ದಶಕದಲ್ಲಿ ಆರ್ಮಲೈಟ್ ಸಂಸ್ಥೆಯು ಇದಕ್ಕಾಗಿಯೇ ಎಆರ್-5 ಎಂಬುದನ್ನು ರೂಪಿಸಿತು. ಬಿಡಿಭಾಗಗಳನ್ನು ಕಳಚಿ ಅದರ ಟೊಳ್ಳಾದ ಹಿಂಬದಿಯೊಳಗೇ ಅಡಗಿಸಿಡಬಹುದಾಗಿತ್ತು. ನೀರಿಗೆ ಬಿದ್ದರೆ ಅದು ತೇಲುತ್ತಿತ್ತು. ವಾಯುಪಡೆಯ ಬಳಿ ಹಿಂದಿನ ಮಾದರಿಯ ಬಂದೂಕುಗಳ ದಾಸ್ತಾನು ಸಾಕಷ್ಟಿದ್ದುದರಿಂದ ಹೊಸದಕ್ಕೆ ದೊಡ್ಡ ಬೇಡಿಕೆ ಬರಲಿಲ್ಲ. ಯೂಜೀನ್ ಸ್ಟೋನರ್ ಎಂಬ ತಂತ್ರಜ್ಞನು ಅದೇ ಕಲ್ಪನೆಯನ್ನು ಅನುಸರಿಸಿ ರಚಿಸಿದ ಎಆರ್-7 ಬಂದೂಕು 1959ರಲ್ಲಿ ಸಾರ್ವಜನಿಕರ ಮಾರುಕಟ್ಟೆಗೆ ಬಂದಿತು. ಅದರ ಸಂತತಿಯನ್ನು ಈಗ ಹೆನ್ರಿ ಸಂಸ್ಥೆಯು ತಯಾರಿಸುತ್ತಿದೆ. ತೂಕ ಸುಮಾರು 1.6 ಕಿಲೋ, ಮಡಚಿಟ್ಟಾಗ ಉದ್ದ ಸುಮಾರು 42 ಸೆಂಟಿಮೀಟರ್.

ಹೀಗೆ ವಸ್ತು ಕೈ ಬದಲಾಯಿಸಿತು. ಅದರ ಹೆಸರು ಮಾತ್ರ ಬದಲಾಗಲಿಲ್ಲ. ಅದಕ್ಕೆ ಇಂದಿಗೂ ಪ್ರಾಣರಕ್ಷಣೆಯ ಬಂದೂಕೆಂದೇ ಹೆಸರು. ವಿಮಾನಚಾಲಕನು ಕಾಡನ್ನು ಬಯಸಿ ಹೋದವನಲ್ಲ, ಅಲ್ಲಿಗೆ ಎಸೆಯಲ್ಪಟ್ಟವನು. ಬೆನ್ನ ಮೇಲೆ ಚೀಲ ಹೊತ್ತು ರಜಾದಿನಗಳಲ್ಲಿ ಬೆಟ್ಟ ಸುತ್ತುವವನಾದರೋ ತಾನೇ ದಿನ ಗೊತ್ತುಮಾಡಿಕೊಂಡು, ಬೇಕಾದುದನ್ನು ಆರಿಸಿಕೊಂಡು ಹೊರಟವನು. ಇಬ್ಬರ ಕೈಯಲ್ಲಿಯೂ ಇರುವ ವಸ್ತು ಒಂದೇ ಆದರೂ ಇಬ್ಬರ ಸಂಕಲ್ಪ ಒಂದೇ ಅಲ್ಲ.

ಧರ್ಮದ ಮಾತನ್ನು ಕ್ಷಣಕಾಲ ಬದಿಗಿಟ್ಟು, ವರ್ತಕರ ರೀತಿಯಲ್ಲಿ ಜಮಾ-ಖರ್ಚು ಬರೆದರೂ ಈ ವ್ಯವಹಾರ ನಷ್ಟದ್ದೇ. ಬಂದೂಕಿನಷ್ಟೇ ತೂಕದ ಕಡಲೆಕಾಯಿ ಬೀಜವನ್ನು ಚೀಲದಲ್ಲಿಟ್ಟರೆ ಸುಮಾರು 9,000 ಕ್ಯಾಲೊರಿ ದೊರೆಯುತ್ತದೆ. ಅದು ಒಬ್ಬನಿಗೆ ನಾಲ್ಕು ದಿನಗಳ ಗ್ರಾಸ. ಕಾಡುಮೊಲದ 100 ಗ್ರಾಂ ಮಾಂಸದಲ್ಲಿರುವುದು ಸುಮಾರು 115 ಕ್ಯಾಲೊರಿ ಮಾತ್ರ. ಕಡಲೆಕಾಯಿಗೆ ಸರಿಗಟ್ಟಬೇಕಾದರೆ ಎಂಟು ಕಿಲೋದಷ್ಟು ಮಾಂಸ, ಎಂದರೆ ಹತ್ತಕ್ಕೂ ಮಿಕ್ಕ ಜೀವಗಳ ಹತ್ಯೆ ಬೇಕು. ಅಷ್ಟಾದರೂ ಕೊಬ್ಬಿಲ್ಲದ ಮೊಲದ ಮಾಂಸವೊಂದನ್ನೇ ತಿಂದು ಬದುಕುವವನು ಕೆಲವು ವಾರಗಳಲ್ಲಿ ಕಾಯಿಲೆ ಬೀಳುತ್ತಾನೆ. ಉತ್ತರದ ಹಿಮಪ್ರದೇಶದವರಿಗೆ ಇದು ಹಳೆಯ ಅನುಭವ. ಅವರು ಇದನ್ನು ಮೊಲದ ಹಸಿವೆಂದೇ ಕರೆದಿದ್ದಾರೆ. ಮೇಲಾಗಿ, ದಾರಿ ತಪ್ಪಿದವನನ್ನು ಚಳಿಯು ಗಂಟೆಗಳಲ್ಲಿ ಕೊಲ್ಲಬಲ್ಲದು, ಬಾಯಾರಿಕೆಯು ದಿನಗಳಲ್ಲಿ ಕೊಲ್ಲಬಲ್ಲದು. ಹಸಿವಿಗೆ ವಾರಗಳು ಬೇಕು. ಎಲ್ಲಕ್ಕಿಂತ ಕೊನೆಯಲ್ಲಿ ಬರುವ ಶತ್ರುವಿಗಾಗಿ ಎಲ್ಲಕ್ಕಿಂತ ಮೊದಲು ಆಯುಧ ಕೊಳ್ಳುವುದು ವಿವೇಕವಲ್ಲ.

1992ರ ಏಪ್ರಿಲ್‌ನಲ್ಲಿ ಕ್ರಿಸ್ಟೋಫರ್ ಮೆಕ್‌ಕ್ಯಾಂಡ್ಲೆಸ್ ಎಂಬ 24 ವರ್ಷದ ತರುಣನು ಅಲಾಸ್ಕದ ಕಾಡನ್ನು ಹೊಕ್ಕನು. ಅವನ ಬಳಿ ನಾಲ್ಕೂವರೆ ಕಿಲೋದಷ್ಟು ಅಕ್ಕಿ, .22 ಅಳತೆಯ ಹಗುರವಾದ ಬಂದೂಕು ಮತ್ತು ಯಥೇಚ್ಛ ತೋಟಾಗಳಿದ್ದವು. ಅವನು ಗುರಿ ತಪ್ಪಿದವನಲ್ಲ. ಅಳಿಲು, ಮುಳ್ಳುಹಂದಿ, ಹಕ್ಕಿಗಳನ್ನು ಕೊಂದು ತಿಂದನು. ಜೂನ್‌ನಲ್ಲಿ ಮೂಸ್ ಎಂಬ ಭಾರಿ ಜಿಂಕೆಯನ್ನೂ ಕೆಡವಿದನು. ಅದರ ಮಾಂಸವನ್ನು ಕೆಡದಂತೆ ಉಳಿಸಿಕೊಳ್ಳಲು ಅವನಿಂದಾಗಲಿಲ್ಲ, ಹುಳುಗಳು ಮುತ್ತಿದವು. ಜುಲೈನಲ್ಲಿ ಊರಿಗೆ ಹಿಂದಿರುಗಲು ಹೊರಟಾಗ ಟೆಕ್ಲಾನಿಕ ನದಿ ತುಂಬಿ ಹರಿಯುತ್ತಿತ್ತು. ಅದೇ ನದಿಯ ಮೇಲೆ, ಅಷ್ಟೇನೂ ದೂರವಲ್ಲದ ಕಡೆಯಲ್ಲಿ, ಹಗ್ಗದ ಸಹಾಯದಿಂದ ದಾಟಿಸುವ ತೊಟ್ಟಿಲೊಂದಿತ್ತು. ವಿವರವಾದ ನಕ್ಷೆ ಅವನಲ್ಲಿರಲಿಲ್ಲವಾದುದರಿಂದ ಅದು ಅವನಿಗೆ ತಿಳಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವನ ಕಳೇಬರವು ಹಳೆಯ ಬಸ್ಸೊಂದರಲ್ಲಿ ದೊರೆತಾಗ ತೂಕ ಸುಮಾರು 30 ಕಿಲೋ ಇತ್ತು. ಇಂತಹ ಸಾವನ್ನು ಯಾರೂ ಹಗುರವಾಗಿ ಆಡಬಾರದು. ಆದರೆ ಅವನ ಪ್ರಾಣ ಉಳಿಸಬಹುದಾಗಿದ್ದುದು ಕೆಲವೇ ಗ್ರಾಂ ತೂಕದ ಒಂದು ಕಾಗದವೆಂಬುದನ್ನು ಮರೆಯಲೂ ಬಾರದು.

ಗೃಹಸ್ಥನ ಹಿಂಸೆಯನ್ನು ಜೈನ ಆಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಅಡುಗೆ, ಉದ್ಯೋಗ, ಆತ್ಮರಕ್ಷಣೆಗಳಲ್ಲಿ ಒದಗುವ ಕೊನೆಯ ಮೂರನ್ನು ಶ್ರಾವಕನು ಪೂರ್ಣವಾಗಿ ತೊರೆಯಲಾರನು, ಮೊದಲನೆಯದನ್ನು ತೊರೆಯಲೇಬೇಕು. ಚೀಲದ ಬಂದೂಕನ್ನು ವಿರೋಧೀ ಹಿಂಸೆಯ ಲೆಕ್ಕಕ್ಕೆ ಬರೆಯುವಂತಿಲ್ಲ. ಎರಗಿ ಬರುವ ಕರಡಿಯ ಮುಂದೆ .22ರ ಗುಂಡು ನಂಬತಕ್ಕದ್ದಲ್ಲ; ಓಡಿಹೋಗುವ ಮೊಲದ ಮುಂದೆ ಮಾತ್ರ ಅದರ ಪ್ರತಾಪ. ಎದುರಿಸಲಾರದ ಜೀವವನ್ನೇ ಗುರಿಯಾಗಿಟ್ಟು ಮನೆಯಲ್ಲಿಯೇ ಸಿದ್ಧಪಡಿಸಿಕೊಂಡ ಹಿಂಸೆಗೆ ಸಂಕಲ್ಪೀ ಎಂಬುದಲ್ಲದೆ ಬೇರೆ ಹೆಸರಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಯುಧಾದಿಗಳನ್ನು ಪರರಿಗೆ ಒದಗಿಸುವುದನ್ನು ಹಿಂಸಾದಾನವೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಕೊಳ್ಳುವವನ ಕೈಯನ್ನು ಮಾತ್ರವಲ್ಲ, ಮಾರುವವನ ತಕ್ಕಡಿಯನ್ನೂ ಆ ಮಾತು ಪ್ರಶ್ನಿಸುತ್ತದೆ. ಬಂಡವಾಳ ಹೂಡುವ ವರ್ತಕರೂ ನಿಧಿ ಪಾಲಿಸುವ ಟ್ರಸ್ಟುಗಳೂ ಇದನ್ನು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯುವಂತಿಲ್ಲ.

ಶ್ರಾವಕಾಚಾರದ ಹೆಸರನ್ನೂ ಕೇಳದಿದ್ದ ಆ ತರುಣನು ಮೂಸನ್ನು ಕೊಂದ ಕೆಲವೇ ದಿನಗಳಲ್ಲಿ, ಅದನ್ನು ಕೊಲ್ಲಬಾರದಿತ್ತೆಂದು ತನ್ನ ದಿನಚರಿಯಲ್ಲಿ ಮರುಗಿ ಬರೆದಿಟ್ಟನು. ಆಗ ಅವನ ಜೊತೆ ಯಾವ ಗುರುವೂ ಇರಲಿಲ್ಲ, ಕೇಳುವವರೂ ಇರಲಿಲ್ಲ.

ಇಂದು ಅನೇಕ ಜೈನ ಕುಟುಂಬಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿನ ಬೆಟ್ಟಕಾಡುಗಳನ್ನು ಪ್ರೀತಿಯಿಂದ ಸುತ್ತುವವರೂ ಅವರಲ್ಲಿದ್ದಾರೆ. ಅಂಥವರಿಗೆ ಹಿರಿಯರು ಹೇಳಬೇಕಾದುದು ಸ್ವಲ್ಪವೇ: ಬೆಚ್ಚನೆಯ ಬಟ್ಟೆ, ನೀರು, ನಕ್ಷೆ, ಎರಡು ದಿನಕ್ಕೆ ಮಿಗುವಷ್ಟು ಬುತ್ತಿ ಜೊತೆಯಲ್ಲಿರಲಿ, ಯಾವ ದಾರಿಯಲ್ಲಿ ಹೋಗಿ ಎಂದು ಮರಳುವೆವೆಂಬುದನ್ನು ಒಬ್ಬರಿಗಾದರೂ ತಿಳಿಸಿ ಹೊರಡಲಿ.