ಕೇಳಲು ನಾಚಿದ ಪ್ರಶ್ನೆ

ಸಹೋದರಿಯರೇ, ಮೂತ್ರದ ವಿಷಯವನ್ನು ಬರೆಯುವುದೇ ಎಂದು ಹಿಂಜರಿಯುತ್ತಾ ಇಷ್ಟು ದಿನ ಕಳೆದೆ. ಇದೇ ನಾಚಿಕೆಯಿಂದಲೇ ಮೂತ್ರದಲ್ಲಿ ರಕ್ತ ಕಂಡರೂ ನಾಲ್ಕು ತಿಂಗಳು ಯಾರಿಗೂ ಹೇಳಿರಲಿಲ್ಲ. ನೋವಿರಲಿಲ್ಲ. ಉಷ್ಣವೆಂದು ಬಾರ್ಲಿ ನೀರು ಕುಡಿದೆ. 2022ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಅದು ಸ್ನಾಯುವಿಗೆ ಇಳಿದಿತ್ತು. ಕೋಶವನ್ನೇ ತೆಗೆಯಬೇಕೆಂದರು.

ಆಮೇಲೆ ಮೂತ್ರ ಎಲ್ಲಿಂದ ಹೋಗುವುದು? ಡಾಕ್ಟರು ಎರಡು ದಾರಿ ಹೇಳಿದರು. ಸಣ್ಣ ಕರುಳಿನ ಸುಮಾರು 15 ಸೆಂಟಿಮೀಟರ್ ತುಂಡಿಗೆ ಎರಡೂ ಮೂತ್ರನಾಳಗಳನ್ನು ಜೋಡಿಸಿ, ಹೊಟ್ಟೆಯ ಬಲಭಾಗದಲ್ಲಿ ಬಾಯಿ ಮಾಡಿ, ಅದರ ಮೇಲೆ ಚೀಲ ಅಂಟಿಸುವುದು ಒಂದು. ಅರ್ಧ ಮೀಟರಿನಷ್ಟು ಕರುಳನ್ನು ಹೊಲಿದು ಒಳಗೇ ಹೊಸ ಕೋಶ ಮಾಡುವುದು ಇನ್ನೊಂದು.

"ಎರಡನೆಯದೇ ಇರಲಿ" ಎಂದೆ. ನಜಸ್ ಹೊತ್ತುಕೊಂಡು ನಮಾಝಿಗೆ ನಿಲ್ಲುವುದು ಹೇಗೆ?

ಆದರೆ ಹೊಸ ಕೋಶಕ್ಕೆ ಮೊದಲಿನಂತೆ ಮೂತ್ರ ಬಂದದ್ದು ತಿಳಿಯುವುದಿಲ್ಲವಂತೆ. ಗಡಿಯಾರ ನೋಡಿ ಹೋಗಬೇಕು, ರಾತ್ರಿ ಅಲಾರಂ ಇಟ್ಟು ಏಳಬೇಕು, ನಿದ್ದೆಯಲ್ಲಿ ಸೋರಲೂಬಹುದು. ಕೆಲವು ಹೆಂಗಸರಿಗೆ ಪೂರ್ತಿ ಖಾಲಿಯಾಗದೆ ದಿನಕ್ಕೆ ಹಲವು ಬಾರಿ ತಾವೇ ಟ್ಯೂಬ್ ಹಾಕಿಕೊಳ್ಳಬೇಕಾಗುತ್ತದೆ. ಸಕ್ಕರೆ ಕಾಯಿಲೆಯಿಂದ ನನ್ನ ಬೆರಳುಗಳಿಗೆ ಸದಾ ಜೋಮು. ಚೀಲವಾದರೆ ಮಗಳು ಬದಲಾಯಿಸಿಕೊಟ್ಟಾಳು, ಟ್ಯೂಬಿಗೆ ಯಾರನ್ನು ಕರೆಯಲಿ?

ನನ್ನವರು ಉಸ್ತಾದರಲ್ಲಿ ಕೇಳಿ ಬಂದರು. ತಡೆಯಲಾಗದೆ ಮೂತ್ರ ಹೋಗುವವರಿಗೆ ವಿನಾಯಿತಿಯಿದೆ. ಸಮಯವಾದ ಮೇಲೆ ಶುಚಿಯಾಗಿ, ವುಝೂ ಮಾಡಿ, ತಡಮಾಡದೆ ನಮಾಝ್ ಮಾಡಲಿ, ಪ್ರತಿ ಫರ್ಝ್‌ಗೂ ಹೊಸ ವುಝೂ ಮಾಡಲಿ ಎಂದಿದ್ದರು. ಇಸ್ತಿಹಾಝದ ಪಾಠದಲ್ಲಿ ಮದ್ರಸದಲ್ಲೇ ಕಲಿತ ನಿಯಮ! ನನಗೆ ಹೊಳೆದೇ ಇರಲಿಲ್ಲ. ಚೀಲಕ್ಕೆ ಒಪ್ಪಿದೆ.

ಆಪರೇಶನ್ನಿನ ಹಿಂದಿನ ದಿನ ನರ್ಸ್ ಜಾಗ ಗುರುತಿಸಲು ಬಂದು ಕೂರಿಸಿ, ನಿಲ್ಲಿಸಿ ನೋಡಿದಳು. ಬಹಳ ಹೊತ್ತು ತಡವರಿಸಿ, "ರುಕೂ, ಸುಜೂದ್ ಮಾಡಿ ತೋರಿಸಲೇ?" ಎಂದು ಕೇಳಿದೆ. ಅವಳು ಬಾಗಿಲು ಹಾಕಿ, "ಮಾಡಿ ಅಮ್ಮಾ" ಎಂದಳು. ಬಾಗಿದಾಗ ಗುರುತು ಹೊಟ್ಟೆಯ ಮಡಿಕೆಯೊಳಗೆ ಹೋಗುತ್ತಿತ್ತು. ಎರಡು ಬೆರಳು ಮೇಲಕ್ಕೆ ಬೇರೆ ಗುರುತು ಹಾಕಿದಳು. ಸಲ್ವಾರಿನ ಲಾಡಿಯೂ ಅಲ್ಲಿ ಒತ್ತುವುದಿಲ್ಲ. ಕೇಳದಿದ್ದರೆ?

ಮೊದಲ ತಿಂಗಳು ಮಾತ್ರ ಕಷ್ಟವೇ. ಎರಡು ಬಾರಿ ಹಾಸಿಗೆ ಒದ್ದೆಯಾಯಿತು. ಮಗಳ ಮುಖ ನೋಡಲಾಗದೆ ಅತ್ತೆ. "ಉಮ್ಮಾ, ನನ್ನ ಎಷ್ಟು ಬಟ್ಟೆ ಒಗೆದಿದ್ದೀರಿ?" ಎಂದಳು. ಮೂತ್ರದಲ್ಲಿ ಬಿಳಿ ಎಳೆ ಕಂಡು ಹೆದರಿದ್ದೆ. ಕರುಳು ಕೋಶದ ಕೆಲಸಕ್ಕೆ ಬಂದರೂ ಲೋಳೆ ಸುರಿಸುವ ಹಳೆಯ ಅಭ್ಯಾಸ ಬಿಡುವುದಿಲ್ಲ, ಅಷ್ಟೇ. ಈಗ ನಾಲ್ಕು ದಿನಕ್ಕೊಮ್ಮೆ, ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ಚೀಲ ಬದಲಾಯಿಸುತ್ತೇನೆ. ಆಗ ಮೂತ್ರ ಕಡಿಮೆ. ರಾತ್ರಿ ದೊಡ್ಡ ಚೀಲಕ್ಕೆ ನಳಿಕೆ ಜೋಡಿಸಿ ಮಲಗಿದರೆ ಫಜ್ರ್‌ವರೆಗೆ ನಿದ್ದೆ.

ಮೊನ್ನೆ ಮದುವೆ ಮನೆಯೊಂದರಲ್ಲಿ ಸಂಬಂಧಿಕಳೊಬ್ಬಳು ಮೂಲೆಗೆ ಕರೆದು, ಮೂತ್ರ ಕೆಂಪಾಗಿ ಹೋಗುತ್ತಿದೆ, ಬಾರ್ಲಿ ನೀರು ಕುಡಿಯುತ್ತಿದ್ದೇನೆ ಎಂದಳು. ಮರುದಿನ ಬೆಳಿಗ್ಗೆಯೇ ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ.