ಚಾರ್ಜು ಕೊಡದೆ ಹೋದವನು

ಸಭಾಪಾಲಕರಿಗೆ ಒಂದೂರಿನಿಂದ ಇನ್ನೊಂದೂರಿಗೆ ವರ್ಗವಾದಾಗ ಚಾರ್ಜು ಕೊಡುವುದು ಎಂಬ ಕೆಲಸವೊಂದಿದೆ. ಹೋಗುವವರೂ ಬರುವವರೂ ವೆಸ್ಟ್ರಿಯಲ್ಲಿ ಕೂತು, ಪಟ್ಟಿ ಹಿಡಿದು, ಒಂದೊಂದನ್ನೇ ನೋಡಿ ಸಹಿ ಹಾಕುತ್ತಾರೆ. ಬೀಗದ ಕೈ ಎಷ್ಟು, ಬೆಂಚು ಎಷ್ಟು, ಪ್ರಭು ಭೋಜನದ ಬಟ್ಟಲು ತಟ್ಟೆ ಎಷ್ಟು, ಹಾರ್ಮೋನಿಯಂನ ಯಾವ ಮನೆ ನುಡಿಯುವುದಿಲ್ಲ. ಆಮೇಲೆ ದೀಕ್ಷಾಸ್ನಾನದ ರಿಜಿಸ್ಟರು, ಮದುವೆಯ ರಿಜಿಸ್ಟರು, ಸಮಾಧಿಯ ರಿಜಿಸ್ಟರು. ಒಂದು ತಾಸಿನ ಕೆಲಸ. ನನ್ನ ಗೆಳೆಯನಿಂದ ನಾನು ಎರಡು ಸಲ ಹೀಗೆ ಚಾರ್ಜು ತೆಗೆದುಕೊಂಡಿದ್ದೇನೆ. ಮೂರನೆಯ ಸಲ ಕೊಡಲು ಅವನಿರಲಿಲ್ಲ.

ಮೊದಲ ಸಲದ್ದು ಗದಗ ಕಡೆಯ ಒಂದು ಸಣ್ಣ ಸಭೆ. ನಲವತ್ತು ಮನೆಗಳಿದ್ದವು. ಸಹಿ ಎಲ್ಲ ಮುಗಿದ ಮೇಲೆ ಅವನು ಟ್ರಂಕಿನಿಂದ ಕಂದು ಕಾಗದದ ರಟ್ಟು ಹಾಕಿದ ನೂರು ಪುಟದ ನೋಟುಪುಸ್ತಕವೊಂದನ್ನು ತೆಗೆದು ನನ್ನ ಮುಂದಿಟ್ಟ. "ಇದು ಪಟ್ಟಿಯಾಗ ಇಲ್ಲ. ಇದಕ್ಕ ಸಹಿ ಬ್ಯಾಡ" ಅಂದ. ಬಸ್ಸಿನ ಹೊತ್ತಾಗಿತ್ತು, ಹೋದ. ರಾತ್ರಿ ಅದನ್ನು ಬಿಚ್ಚಿದವನು ಮಲಗುವಾಗ ಎರಡು ಗಂಟೆಯಾಗಿತ್ತು.

ಒಂದೊಂದು ಮನೆಗೆ ಒಂದೊಂದು ಪುಟ. ನೀರಿನ ಟಾಕಿಯ ಹಿಂದಿನ ಮನೆ: ಅಜ್ಜಿಗೆ ಬಲಗಿವಿ ಕೇಳಿಸುವುದಿಲ್ಲ, ಎಡಕ್ಕೆ ಕೂತು ಪ್ರಾರ್ಥನೆ ಮಾಡು, ಇಲ್ಲವಾದರೆ ಆಮೆನ್ ಹೇಳುವ ಹೊತ್ತು ತಿಳಿಯದೆ ಸಂಕೋಚಪಡುತ್ತಾಳೆ. ಮಗ್ಗದ ಮನೆ: ಬೆಳಿಗ್ಗೆ ಹೋಗಬೇಡ, ನೀನು ಹೋದರೆ ಮಗ್ಗ ನಿಲ್ಲಿಸುತ್ತಾರೆ, ನಿಲ್ಲಿಸಿದ್ದು ವಾರದ ಕೂಲಿಯಲ್ಲಿ ಕಾಣುತ್ತದೆ. ಬಾವಿ ಓಣಿಯ ಮೂರನೆಯ ಮನೆ: ಡಿಸೆಂಬರಿನಲ್ಲಿ ಇವರ ಮಗು ಹೋಯಿತು, ಕ್ಯಾರಲ್ ತಂಡ ಈ ಬಾಗಿಲಲ್ಲಿ ಡೋಲಕ್ ಬಾರಿಸಬಾರದು, ಹಾಡದೆ ಮುಂದೆ ಹೋಗಲೂಬಾರದು. ಅಣ್ಣತಮ್ಮಂದಿರ ಮನೆ: ಜಗಳವಾದಂದಿನಿಂದ ಇಬ್ಬರೂ ಪ್ರಭು ಭೋಜನಕ್ಕೆ ಬರುತ್ತಿಲ್ಲ, ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುತ್ತಾರೆ, ಕರೆದು ನಾಚಿಸಬೇಡ, ಕಾಯು. ಮತ್ತೊಬ್ಬ ಹಿರಿಯರ ಪುಟದಲ್ಲಿ ಒಂದೇ ಸಾಲು: ಭಾನುವಾರ ಕಾಣಿಕೆ ಎಣಿಸುವಾಗ ಇವರನ್ನು ತಪ್ಪದೆ ಕರೆ. ಲೆಕ್ಕದಲ್ಲಿ ಚುರುಕಿನ ಮನುಷ್ಯ ಇರಬೇಕೆಂದುಕೊಂಡೆ. ತಪ್ಪದೆ ಕರೆದೆ.

ಚಹಾದ ಪುಟವನ್ನು ಹೇಳಲೇಬೇಕು. ಒಂದು ಬಡಮನೆಯಲ್ಲಿ ಅಯ್ಯನವರು ಬಂದರೆಂದು ಮಗಳನ್ನು ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಗೆ ಓಡಿಸಿ ಹಾಲು ಕಡ ತರುತ್ತಿದ್ದರಂತೆ. ಅದನ್ನು ಕಂಡ ದಿನ ಅವನು, ನನಗೆ ಕರೀ ಚಹಾನೇ ಸೇರುತ್ತದೆ ಅಂದುಬಿಟ್ಟ. ಹಾಗೆ ಅಂದಮೇಲೆ ಆ ಮಾತು ಸುಳ್ಳಾಗಬಾರದೆಂದು ಎಲ್ಲ ಮನೆಗಳಲ್ಲೂ, ತನ್ನ ಮನೆಯಲ್ಲೂ, ಕರೀ ಚಹಾನೇ ಕುಡಿಯತೊಡಗಿದ. ಎಮ್ಮೆ ಹಾಲಿನ ಗಟ್ಟಿ ಚಹಾಕ್ಕಾಗಿ ಪ್ರಾಣ ಬಿಡುತ್ತಿದ್ದ ಹುಡುಗನನ್ನು ನಾನು ಬಲ್ಲೆ. ಅದಕ್ಕೇ ಆ ಪುಟ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಆ ಹುಡುಗ ನನಗೆ ಸಿಕ್ಕಿದ್ದು ಮಂಗಳೂರಿನ ಬಲ್ಮಠದಲ್ಲಿ. ಬಾಸೆಲ್ ಮಿಶನ್ನಿನವರು 1847ರಲ್ಲಿ ತೆರೆದ ದೇವಜ್ಞಾನ ಶಾಲೆಯ ಮುಂದುವರಿಕೆ ಅಲ್ಲಿಯ ಕಾಲೇಜು. ಧಾರವಾಡ ಸೀಮೆಯ ನಮಗೆ ಆ ಮಳೆ ಹೊಸದು. ಜೂನ್‌ನಲ್ಲಿ ಒಗೆದು ಹಾಕಿದ ಅಂಗಿ ನಾಲ್ಕು ದಿನವಾದರೂ ಹಸಿಹಸಿ. ಮೆಸ್ಸಿನಲ್ಲಿ ಕುಚಲಕ್ಕಿ ಅನ್ನ, ತೆಳು ಚಹಾ. ಅವನ ತಾಯಿ ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತಿದ್ದರು. ಅದು ಮೂರೇ ದಿನದಲ್ಲಿ ಮುಗಿಯುತ್ತಿತ್ತು, ಯಾಕೆಂದರೆ ಕೇಳಿದವರಿಗೆಲ್ಲ ಕೊಡುತ್ತಿದ್ದ. ಊರು ನೆನಪಾದಾಗ ಗ್ರಂಥಾಲಯಕ್ಕೆ ಹೋಗಿ ಕಿಟ್ಟೆಲರ ನಿಘಂಟು ತೆಗೆದು ಕೂರುತ್ತಿದ್ದ. 1894ರಲ್ಲಿ ಅದೇ ಮಂಗಳೂರಿನ ಮಿಶನ್ ಅಚ್ಚುಕೂಟದಲ್ಲಿ ಅಚ್ಚಾದ ಆ ದಪ್ಪ ಪುಸ್ತಕವನ್ನು ಅವನು ಕಥೆಯ ಪುಸ್ತಕದ ಹಾಗೆ ಓದುತ್ತಿದ್ದ. ಅರ್ಥದ ಕೆಳಗೆ ಗಾದೆ ಸಿಕ್ಕರೆ ಕಣ್ಣು ಅರಳುತ್ತಿತ್ತು. "ಎಲ್ಲಿಯ ಜರ್ಮನಿ! ನಮ್ಮ ಅಜ್ಜಿ ಮಾತು ಈತಗ ಯಾರು ಹೇಳಿದ್ರೋ" ಎಂದು ಆಶ್ಚರ್ಯಪಡುತ್ತಿದ್ದ. ಯಾರೋ ಹೇಳಿದ್ದಾರೆ, ಈತ ಕೂತು ಕೇಳಿದ್ದಾನೆ ಅನ್ನುವುದು ಅವನಿಗೆ ನಿಘಂಟಿಗಿಂತ ದೊಡ್ಡ ವಿಷಯವಾಗಿತ್ತು.

ಅವನ ಮನಸ್ಸಿನ ಗುರು ಮಾತ್ರ ಉತ್ತಂಗಿ ಚನ್ನಪ್ಪನವರು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿ, ಬಾಸೆಲ್ ಮಿಶನ್ ಸಭೆಗಳ ಪಾಲಕರಾಗಿ ದುಡಿಯುತ್ತಲೇ ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಹೊರತಂದವರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹೊರಗಿನವರು ಇದನ್ನು ಪಾದ್ರಿಯೊಬ್ಬರ ಸಾಹಿತ್ಯಸೇವೆ ಎಂದು ಹೊಗಳುತ್ತಾರೆ. ನನ್ನ ಗೆಳೆಯ ಹಾಗೆ ಬೇರೆ ಮಾಡಿ ನೋಡುತ್ತಿರಲಿಲ್ಲ. ಮನೆಮನೆಗೆ ಹೋಗುವುದು, ಕಟ್ಟೆಯ ಮೇಲೆ ಕೂರುವುದು, ಮುದುಕರು ಹೇಳಿದ್ದನ್ನು ಮರೆಯದೆ ಬರೆದಿಡುವುದು, ಇದೇ ಪಾಲನೆ ಎಂದು ಅವನ ಎಣಿಕೆ. ಅವರು ಇಡೀ ನಾಡಿನ ಬಾಯಿಂದ ಕೂಡಿಸಿದರು, ನಾವು ನಮ್ಮ ನಲವತ್ತು ಮನೆಯನ್ನಾದರೂ ಸರಿಯಾಗಿ ಕೇಳಬೇಡವೇ ಅನ್ನುತ್ತಿದ್ದ. ಈಗ ಅನಿಸುತ್ತದೆ, ಆ ಕಂದು ರಟ್ಟಿನ ಪುಸ್ತಕ ಹುಟ್ಟಿದ್ದು ಅಲ್ಲಿಂದ.

ಪ್ರಸಂಗದಲ್ಲಿ ಅವನು ದೊಡ್ಡವನಲ್ಲ. ಹತ್ತು ಹನ್ನೆರಡು ನಿಮಿಷಕ್ಕೆ ಮುಗಿಸುತ್ತಿದ್ದ, ಧ್ವನಿ ಏರುತ್ತಿರಲಿಲ್ಲ. ಜನ ನೆನೆಯುವುದು ಅವನ ಕೈಗಳನ್ನು. 1947ರಲ್ಲಿ ದಕ್ಷಿಣ ಇಂಡಿಯಾ ಸಭೆ ಆದಮೇಲೆ ರೂಪುಗೊಂಡ ನಮ್ಮ ಆರಾಧನಾ ಕ್ರಮದಲ್ಲಿ ಶಾಂತಿವಂದನೆ ಎಂಬುದೊಂದು ಇದೆ. ಬಲಿಪೀಠದ ಬಳಿ ಶುರುವಾಗಿ, ಕೊಡುವವರು ತಮ್ಮ ಎರಡು ಅಂಗೈಗಳ ನಡುವೆ ಪಡೆಯುವವರ ಜೋಡಿಸಿದ ಕೈಗಳನ್ನು ಹಿಡಿದು, ಹೀಗೆ ಬೆಂಚಿನಿಂದ ಬೆಂಚಿಗೆ ಶಾಂತಿ ದಾಟುತ್ತದೆ. ಬಹಳ ಕಡೆ ಅದು ಬೆರಳು ತಾಗಿಸುವ ಶಾಸ್ತ್ರವಾಗಿಬಿಟ್ಟಿದೆ. ನನಗೆ ಇದು ಬೇಸರದ ಸಂಗತಿ, ಹೇಳಿಬಿಡುತ್ತೇನೆ. ಅವನು ಮಾತ್ರ ಹಿಡಿದ ಕೈಯನ್ನು ಹಿಡಿದೇ ಇರುತ್ತಿದ್ದ, ಮುಖ ನೋಡಿ ಬಿಡುತ್ತಿದ್ದ. ಚೆಂಡುಹೂವಿನ ಮಡಿಗಳಲ್ಲಿ ದಿನವೂ ಕೆಲಸ ಮಾಡಿ ಅಂಗೈ ಒರಟಾಗಿತ್ತು. ಅವನು ಬಿಟ್ಟುಹೋದ ಸಭೆಗೆ ನಾನು ಹೋದ ಮೊದಲ ಭಾನುವಾರ, ಹುಡುಗಿಯೊಬ್ಬಳು ನನ್ನ ಕೈಯೊಳಗಿಂದ ತನ್ನ ಕೈ ತೆಗೆದುಕೊಂಡು, "ನಿಮ್ಮ ಕೈ ಮೆತ್ತಗ ಅದಾವು" ಅಂದಳು. ಅವತ್ತು ನನಗೆ ನೋವಾಯಿತು. ಹಿಂದಿನ ಅಯ್ಯನವರ ಹೆಸರು ಕೇಳಿ ಕೇಳಿ ಒಳಗೊಳಗೇ ಮತ್ಸರಪಟ್ಟ ದಿನಗಳೂ ಇದ್ದವು. ಒಮ್ಮೆ ಅದನ್ನು ಅವನಿಗೇ ಬರೆದೆ. ಉತ್ತರದಲ್ಲಿ ಅವನು ಅದರ ಮಾತೇ ಎತ್ತಲಿಲ್ಲ. ಅಣ್ಣತಮ್ಮಂದಿರು ಪ್ರಭು ಭೋಜನಕ್ಕೆ ಬಂದರೇ ಎಂದು ಕೇಳಿದ್ದ. ಬಂದಿದ್ದರು, ನಾನು ಹೋದ ಎರಡನೆಯ ವರ್ಷದ ಶುಭ ಶುಕ್ರವಾರ ಕಳೆದ ಭಾನುವಾರ, ಇಬ್ಬರೂ ಒಟ್ಟಿಗೆ. ನಾನು ಕಾದಿದ್ದೆ, ಅಷ್ಟೆ.

ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಒಂದು ಶನಿವಾರ ರಾತ್ರಿ ಊಟ ಮಾಡಿ ಮಲಗಿದವನು ಏಳಲಿಲ್ಲ. ಹೃದಯ ನಿಂತಿತು ಅಂದರು. ಬೆಳಗಿನ ಜಾವ ಫೋನು ಬಂತು: ಮೊದಲು ಸುದ್ದಿ, ಹಿಂದೆಯೇ ಅಲ್ಲಿಯ ಆರಾಧನೆ ನೀವೇ ನಡೆಸಬೇಕು ಎಂಬ ಅಪ್ಪಣೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಅಲ್ಲಿ ಮುಟ್ಟಿದಾಗ ಎರಡನೆಯ ಗಂಟೆ ಆಗಿತ್ತು. ಒಳಗೆ ಹೋಗಿ ನೋಡಿದರೆ ಗೋಡೆಯ ಹಲಗೆಯಲ್ಲಿ ಆ ದಿನದ ಹಾಡುಗಳ ಅಂಕಿ ಸಿಕ್ಕಿಸಿಯಾಗಿತ್ತು. ಶನಿವಾರ ಸಂಜೆ ಅವನೇ ಸಿಕ್ಕಿಸಿದ್ದು. ಬೆಳೆ ಬಂದ ಕಾಲ, ನಾಲ್ಕೂ ಸ್ತೋತ್ರದ ಹಾಡುಗಳು. ಬದಲಿಸೋಣವೇ ಎಂದು ಗಾಯನ ಮಂಡಳಿಯವರು ಕೇಳಿದರು. ಬೇಡ ಅಂದೆ. ಆ ನಾಲ್ಕನ್ನೇ ಹಾಡಿದೆವು. ಮೂರನೆಯದರಲ್ಲಿ ಹೆಂಗಸರ ಸಾಲು ನಿಂತುಹೋಯಿತು, ಮಕ್ಕಳು ಮುಗಿಸಿದರು.

ಸೋಮವಾರ ಸಮಾಧಿ. ಅವನು ಹಿಂದೆ ಇದ್ದ ಸಭೆಗಳಿಂದಲೂ ಜನ ಟೆಂಪೊ ಮಾಡಿಕೊಂಡು ಬಂದಿದ್ದರು. ನಾನು ಮಣ್ಣು ಹಾಕಿ, ಹೇಳಬೇಕಾದ್ದನ್ನು ಹೇಳಿ ಮುಗಿಸುವ ಹೊತ್ತಿಗೆ ಮುದುಕರೊಬ್ಬರು ಕೋಲೂರಿಕೊಂಡು ಮುಂದೆ ಬಂದರು. ನೋಟುಪುಸ್ತಕದ ಆ ಒಂದೇ ಸಾಲಿನ ಹಿರಿಯರು. ಎಲ್ಲರಿಗೂ ಕೇಳುವಂತೆ ಹೇಳಿದರು: ಹೆಂಡತಿಯ ಕಾಯಿಲೆಯ ವರ್ಷ ತಾನು ಸಭೆಯ ಕಾಣಿಕೆಯಿಂದ ಹಣ ತೆಗೆದದ್ದು, ಇವರಿಗೆ ಅದು ಗೊತ್ತಾದದ್ದು, ಇವರು ತಿಂಗಳು ತಿಂಗಳು ತಮ್ಮ ಸಂಬಳದಿಂದ ತುಂಬಿದ್ದು. "ಪೂರಾ ತುಂಬಿದ ಮ್ಯಾಲೆ ಭಾನುವಾರ ನನ್ನ ಕರದು, ಬರ್ರಿ, ಕಾಣಿಕಿ ಎಣಸೂಣು ಅಂದ್ರು. ಮುಂದ ಬಂದ ಅಯ್ನೋರೂ ಕರದ್ರು" ಎಂದು ನನ್ನ ಕಡೆ ತಿರುಗಿ ಕೈ ಮುಗಿದರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮೂರು ವರ್ಷ ಅವರ ಪಕ್ಕದಲ್ಲಿ ಕೂತು ನಾಣ್ಯ ಎಣಿಸಿದ್ದೇನೆ. ನನಗೆ ತಿಳಿಯಬೇಕಾದ್ದಷ್ಟನ್ನು ಬರೆದು ಉಳಿದದ್ದನ್ನು ಅವನು ತನ್ನೊಳಗೇ ಇಟ್ಟುಕೊಂಡಿದ್ದ. ಅವರೇ ಅಷ್ಟು ಜನರ ಮುಂದೆ ಬಾಯಿಬಿಟ್ಟು ಹೇಳಿದ್ದರಿಂದ ನಾನಿಲ್ಲಿ ಬರೆಯುತ್ತಿದ್ದೇನೆ.

ಸಂಜೆ ವೆಸ್ಟ್ರಿಯಲ್ಲಿ ಸಮಾಧಿಯ ರಿಜಿಸ್ಟರು ತೆಗೆದೆ. ತೀರಿಕೊಂಡ ದಿನ, ಸಮಾಧಿಯ ದಿನ, ಹೆಸರು, ವಯಸ್ಸು, ಉದ್ಯೋಗ, ಕಾರಣ, ಸಂಸ್ಕಾರ ನಡೆಸಿದವರು. ಮೇಲಿನ ಸಾಲುಗಳೆಲ್ಲ ಅವನ ದುಂಡು ಅಕ್ಷರ. ಹಿಂದೊಮ್ಮೆ ಹಳೆಯ ರಿಜಿಸ್ಟರೊಂದರಲ್ಲಿ 1918ರ ಇನ್‌ಫ್ಲುಯೆಂಜಾದ ಪುಟಗಳನ್ನು ಅವನು ನನಗೆ ತೋರಿಸಿದ್ದ. ಒಂದೇ ದಿನಕ್ಕೆ ಮೂರು ನಾಲ್ಕು ಹೆಸರು, ಆದರೂ ಬರೆದವರ ಅಕ್ಷರ ಕೆಟ್ಟಿರಲಿಲ್ಲ. ಎಷ್ಟೇ ದಣಿದಿರಲಿ, ಹೆಸರನ್ನು ಸರಿಯಾಗಿ ಬರೆಯುವುದು ಅವರಿಗೆ ಕೊಡುವ ಕೊನೆಯ ಮರ್ಯಾದೆ ಅಂದಿದ್ದ. ಅವನ ಹೆಸರನ್ನು ನಿಧಾನವಾಗಿ ಬರೆದೆ.

ಬೇರೆಯವರು ಬರುವವರೆಗೆ ಆ ಸಭೆಯನ್ನೂ ನಾನೇ ನೋಡಿಕೊಳ್ಳಬೇಕಾಯಿತು. ಮೇಜಿನ ಖಾನೆ, ಟ್ರಂಕು, ಕಪಾಟು ಎಲ್ಲ ಹುಡುಕಿದೆ. ಕಂದು ರಟ್ಟು ಹಾಕಿದ ಹೊಸ ಪುಸ್ತಕ ಸಿಕ್ಕಿತು. ಒಳಗೆ ಮನೆಗಳ ಹೆಸರು ಮಾತ್ರ, ಪುಟಕ್ಕೊಂದು, ಕೆಳಗೆ ಬರಿದು. ಹೋಗುವ ತಿಂಗಳಲ್ಲಿ ಕೂತು ಬರೆಯುವುದು ಅವನ ರೂಢಿ. ಇನ್ನೂ ಹನ್ನೊಂದು ತಿಂಗಳಿದೆ ಎಂದುಕೊಂಡಿದ್ದ.

ಅದನ್ನೇ ಚೀಲಕ್ಕೆ ಹಾಕಿಕೊಂಡು ಮಂಗಳವಾರ ಸಂಜೆ ಮೊದಲ ಪುಟದ ಮನೆಗೆ ಹೋದೆ. ಒಬ್ಬಳೇ ಇರುವ ಮುದುಕಿ. ಚಾಪೆ ಹಾಸಿ ಕೂರಿಸಿ, ಮಾತಿಲ್ಲದೆ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಸ್ವಲ್ಪ ಹೊತ್ತಿಗೆ ಲೋಟ ಹಿಡಿದು ಬಂದಳು. ಕರೀ ಚಹಾ. ಕೊಡಲು ಬಾಗಿದವಳಿಗೆ ತಟ್ಟನೆ ಏನೋ ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಅಯ್ಯ, ನಿಮಗ ಹಾಲು ಹಾಕಬೇಕೇನ್ರಿ?"

"ಬ್ಯಾಡವ್ವಾ" ಅಂದೆ.